ಬಿಸಿಲು, ನೀರು, ಒಂದಿಷ್ಟು ಪುಡಿ: ಇಷ್ಟರಿಂದಲೇ ಹೈಡ್ರೋಜನ್ ಬರುತ್ತದಾ?

ಅಣ್ಣಿಗೇರಿ ಟೀಚರ್
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್, ಆಕ್ಸಿಜನ್ ಬೇರೆ ಮಾಡುವ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು: "ಮಿಸ್, ಕರೆಂಟು ಬೇಕೇ ಬೇಕಾ? ನೀರಿಗೆ ಒಂದು ಪುಡಿ ಹಾಕಿ ಬಿಸಿಲಿಗೆ ಇಟ್ಟರೆ ಸಾಕಂತೆ." ಬೆಳಕು ಬಿದ್ದಾಗ ಕೆಲಸ ಮಾಡುವ ವೇಗವರ್ಧಕ, ಅಂದರೆ ಫೋಟೋಕ್ಯಾಟಲಿಸ್ಟ್ ಬಗ್ಗೆ ಎಲ್ಲೋ ಓದಿದ್ದಾಳೆ. ನಾನೂ ಓದಿದ್ದೇನೆ, ಆದರೆ ಪೂರ್ತಿ ಉತ್ತರ ಕೊಡುವಷ್ಟಲ್ಲ.

ಇದು ನಿಜವಾಗಿಯೂ ಆಗುತ್ತದಾ? ಆಗುವುದಾದರೆ ನಮ್ಮ ಮಾಳಿಗೆಗಳ ಮೇಲೆ ಇನ್ನೂ ಯಾಕೆ ಬಂದಿಲ್ಲ? ನಮ್ಮ ಕಡೆ ಬಿಸಿಲಿಗೇನು ಬರವಿಲ್ಲ. ಮತ್ತೆ ಕ್ಲಾಸಿನಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ?

ಉಣಕಲ್ ಕೆರೆ
ಆಗುತ್ತದೆ ಟೀಚರ್. 1972ರಲ್ಲೇ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ತೋರಿಸಿದ್ದಾರೆ. ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ನೀರಿಗೆ ಹಾಕಿ ಬೆಳಕು ಬಿಟ್ಟರು, ಹೈಡ್ರೋಜನ್ ಬಂತು.

ಸಾಧನಕೇರಿ ರಸಾಯನ
ಒಂದು ತಿದ್ದುಪಡಿ. 1972ರಲ್ಲಿ ಅವರು ಬಳಸಿದ್ದು ಪುಡಿ ಅಲ್ಲ, ಟೈಟಾನಿಯಂ ಡೈಆಕ್ಸೈಡಿನ ಹರಳಿನ ಎಲೆಕ್ಟ್ರೋಡ್. ಎದುರಿಗೆ ಪ್ಲಾಟಿನಂ ಎಲೆಕ್ಟ್ರೋಡ್ ಇತ್ತು, ನಡುವೆ ತಂತಿ ಇತ್ತು. ಎರಡು ಬದಿಯ ದ್ರಾವಣದ ಪಿಎಚ್ ಬೇರೆ ಬೇರೆ ಇಟ್ಟಿದ್ದರು, ಅದರಿಂದಲೂ ಸ್ವಲ್ಪ ಒತ್ತು ಸಿಕ್ಕಿತು. ತಂತಿಯಿಲ್ಲದೆ ಬರೀ ಪುಡಿಯಲ್ಲಿ ಮಾಡುವ ಕೆಲಸ ಆಮೇಲೆ ಬಂತು. ಜಪಾನಿನವರೇ ಆದ ಕಜುನಾರಿ ಡೋಮೆನ್ ಮತ್ತು ಜೊತೆಗಾರರು 1980ರಲ್ಲಿ ಸ್ಟ್ರಾಂಷಿಯಂ ಟೈಟನೇಟ್ ಪುಡಿಗೆ ನಿಕಲ್ ಆಕ್ಸೈಡ್ ಹಚ್ಚಿ ಮಾಡಿ ತೋರಿಸಿದರು. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಗದಗ ಗಾಳಿ
ಐವತ್ತು ವರ್ಷ ದಾಟಿತು, ಇನ್ನೂ ಲ್ಯಾಬಿನ ಹೊಸ್ತಿಲು ದಾಟಿಲ್ಲ. ನಾನು ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳ ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಗಾಳಿ ಕರೆಂಟು ಇದೆ, ಸೋಲಾರ್ ಕರೆಂಟು ಇದೆ. ಅದನ್ನೇ ಎಲೆಕ್ಟ್ರೋಲೈಸರಿಗೆ, ಅಂದರೆ ಕರೆಂಟಿನಿಂದ ನೀರು ಒಡೆಯುವ ಯಂತ್ರಕ್ಕೆ, ಕೊಟ್ಟರೆ ಇವತ್ತೇ ಹೈಡ್ರೋಜನ್ ಸಿಗುತ್ತದೆ. ಈ ಪುಡಿಯ ಹಿಂದೆ ಯಾಕೆ ಬೀಳಬೇಕು? ಕೇಂದ್ರದ ಗ್ರೀನ್ ಹೈಡ್ರೋಜನ್ ಮಿಷನ್ ನೋಡಿ. 2023ರ ಜನವರಿಯಲ್ಲಿ 19,744 ಕೋಟಿ ಒಪ್ಪಿಗೆ ಆಯಿತು. ಅದರಲ್ಲಿ 17,490 ಕೋಟಿ ಎಲೆಕ್ಟ್ರೋಲೈಸರ್ ತಯಾರಿಕೆ ಮತ್ತು ಹೈಡ್ರೋಜನ್ ಉತ್ಪಾದನೆಯ ಪ್ರೋತ್ಸಾಹಕ್ಕೆ. ಸರ್ಕಾರಕ್ಕೂ ಯಾವುದು ಕೆಲಸ ಮಾಡುತ್ತದೆ ಅಂತ ಗೊತ್ತಿದೆ.

ಸಾಧನಕೇರಿ ರಸಾಯನ
ಅದೇ ಮಿಷನ್ನಿನಲ್ಲಿ ಸಂಶೋಧನೆಗೆ ಇಟ್ಟಿದ್ದು 400 ಕೋಟಿ. ನೂರಕ್ಕೆ ಎರಡು ರೂಪಾಯಿ. ಇದು ನನಗೆ ನೋವಿನ ವಿಷಯ. ಇವತ್ತು ಕೆಲಸ ಮಾಡುವುದಕ್ಕೆ ಮಾತ್ರ ದುಡ್ಡು ಕೊಟ್ಟರೆ ನಾಳೆಯದನ್ನು ಮತ್ತೆ ಹೊರಗಿನಿಂದ ಕೊಂಡು ತರಬೇಕಾಗುತ್ತದೆ.

ಟೀಚರ್ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ನನ್ನ ಪಿಎಚ್‌ಡಿ ಇದರಲ್ಲೇ ನಡೆಯುತ್ತಿದೆ, ಹಾಗಾಗಿ ಚಿಕ್ಕದಾಗಿ ಹೇಳುವುದು ಕಷ್ಟ.

ಈ ಪುಡಿಗಳೆಲ್ಲ ಸೆಮಿಕಂಡಕ್ಟರುಗಳು. ಸಾಕಷ್ಟು ಶಕ್ತಿಯ ಬೆಳಕು ಬಿದ್ದರೆ ಒಳಗಿನ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟ ಜಾಗ ಖಾಲಿ, ಅದಕ್ಕೆ ಹೋಲ್ ಅನ್ನುತ್ತಾರೆ. ಎಲೆಕ್ಟ್ರಾನ್ ಪುಡಿಯ ಮೇಲ್ಮೈಗೆ ಬಂದರೆ ನೀರಿನಿಂದ ಹೈಡ್ರೋಜನ್ ಮಾಡುತ್ತದೆ. ಹೋಲ್ ಮೇಲ್ಮೈಗೆ ಬಂದರೆ ಆಕ್ಸಿಜನ್ ಮಾಡುತ್ತದೆ. ಲೆಕ್ಕದ ಪ್ರಕಾರ ನೀರು ಒಡೆಯಲು 1.23 ವೋಲ್ಟ್ ಸಾಕು. ವಾಸ್ತವದಲ್ಲಿ ಅದಕ್ಕಿಂತ ಸಾಕಷ್ಟು ಜಾಸ್ತಿ ಬೇಕು.

ಮೊದಲ ತೊಡಕು ಬೆಳಕಿನದು. ಟೈಟಾನಿಯಂ ಡೈಆಕ್ಸೈಡಿನಲ್ಲಿ ಆ ಜಿಗಿತಕ್ಕೆ ಬೇಕಾದ ಶಕ್ತಿ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಇರುವುದು ನೇರಳಾತೀತ ಬೆಳಕಿಗೆ ಮಾತ್ರ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ಕಣ್ಣಿಗೆ ಕಾಣುವ ಬೆಳಕನ್ನೂ ಹಿಡಿಯುವ ಪುಡಿಗಳಿವೆ. ಕ್ಯಾಡ್ಮಿಯಂ ಸಲ್ಫೈಡ್ ಇದೆ, ಆದರೆ ಬೆಳಕಿನಲ್ಲಿ ಅದೇ ಕರಗಿ ಹೋಗುತ್ತದೆ, ಮೇಲಾಗಿ ವಿಷ. ಕಾರ್ಬನ್ ನೈಟ್ರೈಡ್ ಇದೆ, 2009ರಿಂದ ಅದರ ಮೇಲೆ ಬಹಳ ಜನ ಕೆಲಸ ಮಾಡುತ್ತಿದ್ದಾರೆ. ಅಗ್ಗ, ಲೋಹ ಬೇಡ, ಆದರೆ ಅದೊಂದೇ ಇದ್ದರೆ ಇಳುವರಿ ತೀರಾ ಕಡಿಮೆ.

ಎರಡನೇ ತೊಡಕು ಇನ್ನೂ ದೊಡ್ಡದು. ಎಲೆಕ್ಟ್ರಾನೂ ಹೋಲೂ ಮೇಲ್ಮೈ ಮುಟ್ಟುವ ಮೊದಲೇ ಮತ್ತೆ ಒಂದಾಗಿ ಬಿಡುತ್ತವೆ. ಸೆಕೆಂಡಿನ ಬಹಳ ಚಿಕ್ಕ ಭಾಗದಲ್ಲಿ ಮುಗಿದು ಹೋಗುತ್ತದೆ. ಬೆಳಕು ಬರೀ ಬಿಸಿಯಾಗಿ ವ್ಯರ್ಥ. ಇವೆರಡನ್ನೂ ದೂರ ಇಡುವುದೇ ನಮ್ಮೆಲ್ಲರ ಕೆಲಸ. 2020ರಲ್ಲಿ ಡೋಮೆನ್ ತಂಡ ಅದನ್ನು ಎಷ್ಟು ಚಂದ ಮಾಡಿತು ಅಂದರೆ, ಓದಿದಾಗ ಖುಷಿಯಿಂದ ನಿದ್ದೆ ಬರಲಿಲ್ಲ. ಸ್ಟ್ರಾಂಷಿಯಂ ಟೈಟನೇಟಿಗೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿದರು. ಹರಳಿನ ಒಂದು ಬಗೆಯ ಮುಖಕ್ಕೆ ಎಲೆಕ್ಟ್ರಾನ್ ಬರುತ್ತದೆ, ಇನ್ನೊಂದು ಬಗೆಯ ಮುಖಕ್ಕೆ ಹೋಲ್ ಬರುತ್ತದೆ. ಬಸ್ಸಿನಲ್ಲಿ ಹತ್ತಲು ಒಂದು ಬಾಗಿಲು, ಇಳಿಯಲು ಇನ್ನೊಂದು ಇದ್ದ ಹಾಗೆ. ಒಂದು ಮುಖಕ್ಕೆ ರೋಡಿಯಂ ಹಚ್ಚಿ ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕೊಟ್ಟರು. ಇನ್ನೊಂದಕ್ಕೆ ಕೋಬಾಲ್ಟ್ ಸಂಯುಕ್ತ. 350ರಿಂದ 360 ನ್ಯಾನೋಮೀಟರ್ ಬೆಳಕಿನಲ್ಲಿ ನೂರು ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಸುಮಾರು 96 ಕೆಲಸಕ್ಕೆ ಬಂದವು.

ನವನಗರ ಓದುಗ
ಆ ಕ್ರೋಮಿಯಂ ಪದರ ಯಾಕೆ?

ಸಾಧನಕೇರಿ ರಸಾಯನ
ರೋಡಿಯಂ, ಪ್ಲಾಟಿನಂ ಇವು ಹೈಡ್ರೋಜನ್ ಮಾಡುವುದರಲ್ಲಿ ಜಾಣ. ಆದರೆ ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿಸಿ ಮತ್ತೆ ನೀರು ಮಾಡುವುದರಲ್ಲೂ ಅಷ್ಟೇ ಜಾಣ. ಮಾಡಿದ್ದನ್ನೆಲ್ಲ ಅಲ್ಲೇ ಮುಗಿಸಿ ಬಿಡುತ್ತವೆ. ಕ್ರೋಮಿಯಂ ಆಕ್ಸೈಡ್ ಪದರ ಆಕ್ಸಿಜನ್ ಒಳಗೆ ಹೋಗದ ಹಾಗೆ ತಡೆಯುತ್ತದೆ.

ವಿದ್ಯಾನಗರ ಬಿಇ
96 ಅಂತ ಕೇಳಿದರೆ ಬಹಳ ದೊಡ್ಡದು ಅನಿಸುತ್ತದೆ. ಅದು ನೇರಳಾತೀತ ಬೆಳಕಿಗೆ ಮಾತ್ರ ಅನ್ನುವುದನ್ನು ಮರೆಯಬಾರದು. ಇಡೀ ಬಿಸಿಲಿಗೆ ಎಷ್ಟು ಅನ್ನುವುದೇ ನಿಜವಾದ ಪರೀಕ್ಷೆ. ಅದೇ ತಂಡ ಬಯಲಿನಲ್ಲಿ 100 ಚದರ ಮೀಟರ್ ಪ್ಯಾನೆಲ್ ಹಾಕಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಚಿಕ್ಕ ಚಿಕ್ಕ 1,600 ಘಟಕ, ಪುಡಿಯನ್ನು ಹಾಳೆಯ ಮೇಲೆ ಹಚ್ಚಿ ಮೇಲೆ ಗಾಜು, ನಡುವೆ ಬಹಳ ತೆಳುವಾದ ನೀರಿನ ಪದರ. ತಿಂಗಳುಗಟ್ಟಲೆ ನಡೆಸಿದರು. ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿದ್ದು ಹೆಚ್ಚೆಂದರೆ ನೂರಕ್ಕೆ 0.76.

ನಮ್ಮ ಲೆಕ್ಕಕ್ಕೆ ತರೋಣ. ಹುಬ್ಬಳ್ಳಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಬಿಸಿಲು ಅಂತ ಹಿಡಿಯಿರಿ. 100 ಚದರ ಮೀಟರಿಗೆ 500 ಯೂನಿಟ್. ಅದರಲ್ಲಿ ನೂರಕ್ಕೆ 0.76 ಪಾಲು ಅಂದರೆ 3.8 ಯೂನಿಟ್. ಹೈಡ್ರೋಜನ್ ಲೆಕ್ಕದಲ್ಲಿ ಸುಮಾರು 115 ಗ್ರಾಂ. ಅಡುಗೆ ಗ್ಯಾಸಿಗೆ ಹೋಲಿಸಿದರೆ 300 ಗ್ರಾಂ ಎಲ್‌ಪಿಜಿ. ಅದೂ ಹೆಚ್ಚೆಂದರೆ.

ಅದೇ ಜಾಗದಲ್ಲಿ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ. ನಷ್ಟ ಎಲ್ಲ ಕಳೆದು ದಿನಕ್ಕೆ 80 ಯೂನಿಟ್ ಬರುತ್ತದೆ. ಎಲೆಕ್ಟ್ರೋಲೈಸರಿಗೆ ಕೆಜಿ ಹೈಡ್ರೋಜನ್ನಿಗೆ 55 ಯೂನಿಟ್ ಹಿಡಿದರೂ ಸುಮಾರು ಒಂದೂವರೆ ಕೆಜಿ. ಹತ್ತು ಪಟ್ಟಿಗಿಂತ ಜಾಸ್ತಿ.

ಗದಗ ಗಾಳಿ
ಇದನ್ನೇ ನಾನು ಹೇಳಿದ್ದು. ಲೆಕ್ಕ ಹಾಕಿ ತೋರಿಸಿದ್ದಕ್ಕೆ ಥ್ಯಾಂಕ್ಸ್.

ಸಾಧನಕೇರಿ ರಸಾಯನ
ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಬಳಸಿ ನೂರಕ್ಕೆ 9.2 ಮುಟ್ಟಿತು. ಹೊರಗೆ ನಿಜವಾದ ಬಿಸಿಲಿನಲ್ಲಿ 6.2. ಕಾಣುವ ಬೆಳಕನ್ನೂ ಬಳಸಿದರು, ಬಿಸಿಲಿನ ಶಾಖವನ್ನೂ ಬಳಸಿದರು. ನೀರನ್ನು 70 ಡಿಗ್ರಿಯಲ್ಲಿ ಇಟ್ಟಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಮತ್ತೆ ಸೇರಿಕೊಳ್ಳುವುದು ಕಡಿಮೆಯಾಯಿತು. ನಮ್ಮ ಏಪ್ರಿಲ್ ಬಿಸಿಲಿನ ಬಿಸಿಯನ್ನು ಸೋಲಾರ್ ಪ್ಯಾನೆಲ್ ತಾಳುವುದಿಲ್ಲ, ಇಳುವರಿ ಕಡಿಮೆ ಮಾಡುತ್ತದೆ. ಇಲ್ಲಿ ಅದೇ ಬಿಸಿ ಉಪಯೋಗಕ್ಕೆ ಬಂತು. ನಮ್ಮಂಥ ಊರಿಗೆ ಇದು ಸಣ್ಣ ವಿಷಯ ಅಲ್ಲ.

ವಿದ್ಯಾನಗರ ಬಿಇ
ಅವರು ದೊಡ್ಡ ಲೆನ್ಸ್ ಹಿಡಿದು ಬಿಸಿಲನ್ನು ನೂರಾರು ಪಟ್ಟು ಒತ್ತಾಗಿ ಬೀಳಿಸಿದ್ದರು. ಗ್ಯಾಲಿಯಂ ನೈಟ್ರೈಡ್ ಎಲ್‌ಇಡಿ ಮಾಡುವ ಮಾಲು, ಪುಡಿಯ ಹಾಗೆ ಸುಣ್ಣ ಬಳಿದಂತೆ ಬಳಿಯಲು ಬರುವುದಿಲ್ಲ. ಪುಡಿಯ ಆಸೆ ಹುಟ್ಟಿದ್ದೇ ಅಗ್ಗ ಅನ್ನುವ ಕಾರಣಕ್ಕೆ. ಆ ಅಗ್ಗ ಹೋದರೆ ಪ್ಯಾನೆಲ್ ಯಾಕೆ ಬೇಡ?

ಸಾಧನಕೇರಿ ರಸಾಯನ
ಒಳ್ಳೆಯ ಪ್ರಶ್ನೆ. ಅಗ್ಗದ ಪುಡಿಯಲ್ಲಿ ನೂರಕ್ಕೆ 5ರಿಂದ 10 ಮುಟ್ಟಬೇಕು, ವರ್ಷಗಟ್ಟಲೆ ಬಾಳಬೇಕು. ಎರಡೂ ಒಟ್ಟಿಗೆ ಇನ್ನೂ ಯಾರಿಂದಲೂ ಆಗಿಲ್ಲ. ಅದಕ್ಕೇ ನಾವು ಕೆಲಸ ಮಾಡುತ್ತಿದ್ದೇವೆ.

ಧಾರವಾಡ ಮಳೆ
ನೀರಿನ ಮಾತೇ ಯಾರೂ ಎತ್ತಿಲ್ಲವಲ್ಲ! ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಿಡುವ ದಿನ ಅಂದರೆ ಮನೆಮಂದಿ ಎಲ್ಲ ಕೊಡ ಹಿಡಿದು ನಿಲ್ಲುತ್ತೇವೆ. ಕುಡಿಯಲು ಇಲ್ಲದ ನೀರನ್ನು ಒಡೆದು ಇಂಧನ ಮಾಡುವುದು ನ್ಯಾಯವಾ?

ಉಣಕಲ್ ಕೆರೆ
ನಮ್ಮ ಕಡೆಯೂ ಅದೇ ಕಥೆ. ಬೇಸಿಗೆಯಲ್ಲಂತೂ ಟ್ಯಾಂಕರ್ ಕಾಯುವುದೇ ಒಂದು ಕೆಲಸ.

ವಿದ್ಯಾನಗರ ಬಿಇ
ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಲೆಕ್ಕ ನೋಡಿ. ಒಂದು ಕೆಜಿ ಹೈಡ್ರೋಜನ್ನಿಗೆ ಒಡೆಯುವ ನೀರು 9 ಲೀಟರ್. 2023ರಲ್ಲಿ ಮಿಷನ್ ಇಟ್ಟ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅದಕ್ಕೆ ಒಡೆಯುವ ನೀರು ಒಟ್ಟು ಸುಮಾರು 1.6 ಟಿಎಂಸಿ. ಶುದ್ಧ ಮಾಡುವಾಗ ಹೋಗುವುದು, ತಂಪು ಮಾಡಲು ಬೇಕಾಗುವುದು ಸೇರಿಸಿದರೆ ಎರಡು ಮೂರು ಪಟ್ಟು ಅನ್ನಿ. ಮಲಪ್ರಭಾದ ರೇಣುಕಾಸಾಗರ ಒಂದರಲ್ಲೇ ಸುಮಾರು 37 ಟಿಎಂಸಿ ಹಿಡಿಯುತ್ತದೆ. ಇಡೀ ದೇಶದ ಹೈಡ್ರೋಜನ್ನಿಗೆ ಅದರ ಒಂದು ಮೂಲೆ ಸಾಕು.

ಧಾರವಾಡ ಮಳೆ
ದೇಶದ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ಆ 1.6 ಟಿಎಂಸಿ ಎಲ್ಲಿಂದ ತೆಗೆಯುತ್ತಾರೆ ಅನ್ನುವುದು ಮುಖ್ಯ. ಬಿಸಿಲು ಜಾಸ್ತಿ ಇರುವ ಕಡೆಗೇ ಪ್ಲಾಂಟ್ ಬರುತ್ತದೆ, ನೀರು ಕಡಿಮೆ ಇರುವುದೂ ಅಲ್ಲೇ. ಬರಗಾಲದ ವರ್ಷ ಯಾರಿಗೆ ಮೊದಲು ನೀರು ಅಂತ ಮುಂಚೆಯೇ ಬರೆದು ಕೊಡಬೇಕು.

ಗದಗ ಗಾಳಿ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಇನ್ನೊಂದು ಮಾತು. ಮುಂಡರಗಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್, ಸುಣ್ಣದ ಅಂಶ ಎಲ್ಲ ಇದೆ. ನಮ್ಮ ಗೀಜರ್ ಕಾಯಿಲ್ ಬಿಳಿ ಕಲ್ಲಾಗುತ್ತದೆ. ಅಂಥ ನೀರು ಆ ತೆಳು ಹಾಳೆಯ ಮೇಲೆ ಹರಿದರೆ?

ಸಾಧನಕೇರಿ ರಸಾಯನ
ಕಟ್ಟಿಕೊಳ್ಳುತ್ತದೆ. ಮಿಷಿಗನ್ ತಂಡ ನಳದ ನೀರು, ಸಮುದ್ರದ ನೀರಿನಲ್ಲೂ ಮಾಡಿ 7ರ ಹತ್ತಿರ ತೋರಿಸಿದೆ. ಆದರೂ ವರ್ಷಗಟ್ಟಲೆ ನಡೆಸಬೇಕು ಅಂದರೆ ಶುದ್ಧ ನೀರೇ ಬೇಕು. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಬಳಸುವ ದಾರಿ ನನಗೆ ಸರಿ ಅನಿಸುತ್ತದೆ. ಕುಡಿಯುವ ನೀರಿಗೆ ಕೈ ಹಾಕುವುದು ಬೇಡ.

ನವನಗರ ಓದುಗ
ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಇದರಲ್ಲಿ ಕೆಲಸ ಮಾಡಿದೆ ಅಲ್ವಾ?

ಸಾಧನಕೇರಿ ರಸಾಯನ
ಹೌದು, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ. ಮಾಲಿಬ್ಡಿನಂ ಸಲ್ಫೈಡ್ ಪದರಗಳನ್ನು ಗ್ರಾಫೀನ್ ಜೊತೆ ಸೇರಿಸಿ ಬೆಳಕಿನಲ್ಲಿ ಹೈಡ್ರೋಜನ್ ಮಾಡುವ ಕೆಲಸ. ಪ್ಲಾಟಿನಂ ಇಲ್ಲದೆ ಆಗುತ್ತದಾ ಅನ್ನುವುದು ಅದರ ಹಿಂದಿನ ಪ್ರಶ್ನೆ. ಒಂದು ಎಚ್ಚರಿಕೆ: ಇಂಥ ಬಹಳಷ್ಟು ಪ್ರಯೋಗಗಳಲ್ಲಿ ನೀರಿಗೆ ಮೆಥನಾಲ್, ಅಮೀನ್ ಥರದ್ದು ಏನಾದರೂ ಸೇರಿಸುತ್ತಾರೆ. ಹೋಲುಗಳನ್ನು ಅದು ತಿಂದು ಹಾಕುತ್ತದೆ. ಆಕ್ಸಿಜನ್ ಬರುವುದಿಲ್ಲ, ಹೈಡ್ರೋಜನ್ ಮಾತ್ರ ಚೆನ್ನಾಗಿ ಬರುತ್ತದೆ. ಕಲಿಯಲು ಇದು ಬೇಕು. ಆದರೆ ಇಂಧನ ಮಾಡಲು ಇನ್ನೊಂದು ಇಂಧನ ಸುರಿದರೆ ಉಪಯೋಗವಿಲ್ಲ. ಪೇಪರಿನಲ್ಲಿ ದೊಡ್ಡ ಸಂಖ್ಯೆ ಕಂಡರೆ ಬರೀ ನೀರಿನದಾ ಅಂತ ಮೊದಲು ನೋಡಿ.

ಅಣ್ಣಿಗೇರಿ ಟೀಚರ್
ಎಷ್ಟು ವಿಷಯ ಸಿಕ್ಕಿತು! ಕ್ಲಾಸಿಗೆ ಏನು ತೋರಿಸಲಿ? ಗೋಡೆಗೆ ಹಚ್ಚುವ ಬಿಳಿ ಬಣ್ಣದಲ್ಲೂ ಟೈಟಾನಿಯಂ ಡೈಆಕ್ಸೈಡ್ ಇರುತ್ತದಲ್ಲ, ಅದನ್ನೇ ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಗುಳ್ಳೆ ಬರುತ್ತದಾ?

ಸಾಧನಕೇರಿ ರಸಾಯನ
ಬರುವುದಿಲ್ಲ. ಬಣ್ಣದ ಪುಡಿ ಸಾಮಾನ್ಯವಾಗಿ ರುಟೈಲ್ ಬಗೆ. ಅದಕ್ಕೆ ಸಿಲಿಕಾ, ಅಲ್ಯುಮಿನಾ ಲೇಪ ಕೊಟ್ಟು ಬೆಳಕಿನ ಕೆಲಸ ನಡೆಯದ ಹಾಗೆ ಮಾಡಿರುತ್ತಾರೆ, ಇಲ್ಲದಿದ್ದರೆ ಬಿಸಿಲಿಗೆ ಬಣ್ಣವೇ ಪುಡಿಪುಡಿಯಾಗಿ ಉದುರುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಅನಟೇಸ್ ಅಂತ ಕೇಳಿ, ಅದು ಟೈಟಾನಿಯಂ ಡೈಆಕ್ಸೈಡಿನ ಇನ್ನೊಂದು ಬಗೆ. ಅದರಲ್ಲೂ ಬರೀ ಪುಡಿ, ಬರೀ ನೀರು ಇಟ್ಟರೆ ಕಣ್ಣಿಗೆ ಕಾಣುವ ಗುಳ್ಳೆ ಬರುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿ.

ಆದರೆ ಬೆಳಕು ಪುಡಿಯನ್ನು ಎಬ್ಬಿಸುತ್ತದೆ ಅನ್ನುವುದನ್ನು ತೋರಿಸಬಹುದು. ಮೂರು ಗಾಜಿನ ಲೋಟ. ಮೂರಕ್ಕೂ ತಿಳಿ ಮಿಥಿಲೀನ್ ಬ್ಲೂ ನೀರು. ಒಂದಕ್ಕೆ ಅನಟೇಸ್ ಹಾಕಿ ಬಿಸಿಲಿಗೆ. ಒಂದಕ್ಕೆ ಅನಟೇಸ್ ಹಾಕಿ ಕತ್ತಲೆಗೆ. ಇನ್ನೊಂದಕ್ಕೆ ಏನೂ ಹಾಕದೆ ಬಿಸಿಲಿಗೆ. ನಡುನಡುವೆ ಕಲಕುತ್ತಿರಿ. ಪುಡಿಯೂ ಬಿಸಿಲೂ ಎರಡೂ ಇರುವ ಲೋಟದ ನೀಲಿ ಬೇಗ ಹೋಗುತ್ತದೆ.

ಉಣಕಲ್ ಕೆರೆ
ಆದರೆ ಅಲ್ಲಿ ಹೈಡ್ರೋಜನ್ ಬರುವುದಿಲ್ಲವಲ್ಲ?

ಸಾಧನಕೇರಿ ರಸಾಯನ
ಇಲ್ಲ. ಅಲ್ಲಿ ಎಲೆಕ್ಟ್ರಾನ್ ಹೋಗುವುದು ಗಾಳಿಯ ಆಕ್ಸಿಜನ್ನಿಗೆ. ಆದರೆ ಎಲೆಕ್ಟ್ರಾನ್, ಹೋಲ್ ಹುಟ್ಟುವ ರೀತಿ ಅದೇ.

ವಿದ್ಯಾನಗರ ಬಿಇ
ಹೈಡ್ರೋಜನ್ ಬೇಕಾದರೆ 6 ವೋಲ್ಟಿನ ಸಣ್ಣ ಸೋಲಾರ್ ಪ್ಯಾನೆಲ್, ಎರಡು ಪೆನ್ಸಿಲ್ ಕಡ್ಡಿ, ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ. ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಎರಡು ಟೆಸ್ಟ್ ಟ್ಯೂಬು ಬೋರಲು ಹಾಕಿ ಅನಿಲ ಬೇರೆ ಬೇರೆ ಹಿಡಿಯಿರಿ. ಒಂದರಲ್ಲಿ ಎರಡರಷ್ಟು ತುಂಬುವುದನ್ನು ಮಕ್ಕಳು ತಾವೇ ನೋಡುತ್ತಾರೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಮಾತ್ರ ಹಿಡಿಯಬೇಡಿ. ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಹೈಡ್ರೋಜನ್ ಇದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಬ್ಯಾಡಗಿ ರೈತ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟು ದಿನ ಓದುತ್ತಿದ್ದೆ ಅಷ್ಟೇ. ನಮ್ಮ ಊರಿಗೆ ಒಬ್ಬ ಏಜೆಂಟ್ ಬರುತ್ತಿದ್ದಾನೆ. ಮಾಳಿಗೆ ಮೇಲೆ ಒಂದು ಪೆಟ್ಟಿಗೆ ಇಟ್ಟು ನೀರು ತುಂಬಿದರೆ ಬಿಸಿಲಿಗೆ ಗ್ಯಾಸ್ ಆಗುತ್ತದೆ, ಪೈಪಿನಿಂದ ನೇರ ಒಲೆಗೆ, ಸಿಲಿಂಡರ್ ಬೇಡ ಅನ್ನುತ್ತಾನೆ. ಪೆಟ್ಟಿಗೆ ಒಂದು ಬಾಗಿಲಿನಷ್ಟು ದೊಡ್ಡದು. ಅಡ್ವಾನ್ಸ್ ಕೇಳುತ್ತಿದ್ದಾನೆ, ಕೆಲವರು ಕೊಡಲು ತಯಾರಿದ್ದಾರೆ. ಮೆಣಸಿನಕಾಯಿ ಮಾರಿದ ದುಡ್ಡು ಕೈಯಲ್ಲಿದೆ ಅಂತ ಗೊತ್ತಾಗಿಯೇ ಬಂದಿದ್ದಾನೆ.

ವಿದ್ಯಾನಗರ ಬಿಇ
ದಯವಿಟ್ಟು ಯಾರೂ ದುಡ್ಡು ಕೊಡಬೇಡಿ. ಬಾಗಿಲಿನಷ್ಟು ಅಂದರೆ ಸುಮಾರು 2 ಚದರ ಮೀಟರ್. ದಿನಕ್ಕೆ ಬೀಳುವ ಬಿಸಿಲು 10 ಯೂನಿಟ್. ಜಪಾನಿನ ಬಯಲಿನ ಪ್ಯಾನೆಲ್ ಮಟ್ಟದಲ್ಲಿ ದಿನಕ್ಕೆ ಎರಡು ಗ್ರಾಂ ಹೈಡ್ರೋಜನ್. ಆರು ಗ್ರಾಂ ಎಲ್‌ಪಿಜಿಗೆ ಸಮ. ಒಂದು ಕಪ್ ಚಹಾ ಆಗಬಹುದು, ಅಷ್ಟೇ.

ಗದಗ ಗಾಳಿ
ಇದರ ತಮ್ಮ ಒಬ್ಬ ಇದ್ದಾನೆ, ಬೈಕಿಗೆ ಹಾಕುವ ನೀರಿನ ಕಿಟ್. ಬೈಕಿನದೇ ಬ್ಯಾಟರಿಯಿಂದ ನೀರು ಒಡೆದು ಅದೇ ಇಂಜಿನ್ನಿಗೆ ಬಿಟ್ಟರೆ ಮೈಲೇಜ್ ಡಬಲ್ ಅಂತಾರೆ. ನೀರು ಒಡೆಯಲು ಎಷ್ಟು ಶಕ್ತಿ ಹೋಗುತ್ತದೋ ಉರಿದಾಗ ಅದಕ್ಕಿಂತ ಜಾಸ್ತಿ ಎಂದೂ ಸಿಗುವುದಿಲ್ಲ. ನಡುವೆ ನಷ್ಟ ಬೇರೆ. ನನ್ನ ಗೆಳೆಯ ಹಾಕಿಸಿದ್ದ, ವೈರಿಂಗ್ ಸುಟ್ಟಿತು.

ಸಾಧನಕೇರಿ ರಸಾಯನ
ದುಡ್ಡಿಗಿಂತ ನನಗೆ ಜೀವದ ಚಿಂತೆ. ಪುಡಿಯಿಂದ ಹೈಡ್ರೋಜನ್ನೂ ಆಕ್ಸಿಜನ್ನೂ ಒಂದೇ ಜಾಗದಲ್ಲಿ ಬರುತ್ತವೆ, ಸಿಡಿಯಲು ಬೇಕಾದ ಪ್ರಮಾಣದಲ್ಲೇ ಬೆರೆತು ಬರುತ್ತವೆ. ಜಪಾನಿನವರು ವಿಶೇಷ ಪೊರೆ ಬಳಸಿ ಬೇರೆ ಮಾಡಿದರು, ಬೇಕೆಂದೇ ಬೆಂಕಿ ಕೊಟ್ಟು ಸುರಕ್ಷತೆ ಪರೀಕ್ಷೆ ಮಾಡಿದರು. ಆ ಮಿಶ್ರಣ ಪೈಪಿನಲ್ಲಿ ಅಡುಗೆಮನೆಗೆ ಬಂದರೆ ಏನಾಗುತ್ತದೆ ಯೋಚಿಸಿ. ಹೈಡ್ರೋಜನ್ನಿಗೆ ವಾಸನೆ ಇಲ್ಲ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ.

ಏಜೆಂಟನ್ನು ಎಲ್ಲರ ಎದುರಿಗೆ ಕೇಳಿ. ದಿನಕ್ಕೆ ಎಷ್ಟು ಗ್ರಾಂ, ಅಳೆದು ತೋರಿಸುತ್ತೀಯಾ? ಆಕ್ಸಿಜನ್ ಎಲ್ಲಿ ಬೇರೆಯಾಗುತ್ತದೆ? ಗ್ಯಾಸ್ ತುಂಬಿಡುವ ಟ್ಯಾಂಕಿಗೆ ಪೆಸೊ ಒಪ್ಪಿಗೆ ಪತ್ರ ಇದೆಯಾ?

ಬ್ಯಾಡಗಿ ರೈತ
ಪೆಸೊ ಅಂದರೆ?

ವಿದ್ಯಾನಗರ ಬಿಇ
ಪೆಟ್ರೋಲಿಯಂ, ಸ್ಫೋಟಕ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ, ನಾಗಪುರದಲ್ಲಿದೆ. ಗ್ಯಾಸ್ ಸಿಲಿಂಡರುಗಳಿಗೆ ಅದರ ಒಪ್ಪಿಗೆ ಬೇಕು.

ಬ್ಯಾಡಗಿ ರೈತ
ಹಾಗಾದರೆ ನಮ್ಮಂಥವರಿಗೆ ಈ ಹೈಡ್ರೋಜನ್ನಿನಿಂದ ಏನೂ ಪ್ರಯೋಜನ ಇಲ್ಲವಾ?

ಸಾಧನಕೇರಿ ರಸಾಯನ
ಇದೆ, ಆದರೆ ಒಲೆಯಲ್ಲಿ ಅಲ್ಲ, ಗೊಬ್ಬರದಲ್ಲಿ. ನೀವು ಹಾಕುವ 45 ಕೆಜಿ ಯೂರಿಯಾ ಚೀಲದ ಹಿಂದೆ ಸುಮಾರು 4.5 ಕೆಜಿ ಹೈಡ್ರೋಜನ್ ಇದೆ. ಗಾಳಿಯ ನೈಟ್ರೋಜನ್ ಜೊತೆ ಅದನ್ನು ಸೇರಿಸಿ ಅಮೋನಿಯಾ ಮಾಡುತ್ತಾರೆ. ಈಗ ಆ ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲದಿಂದ. ಒಂದು ಕೆಜಿಗೆ ಒಂಬತ್ತು ಹತ್ತು ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಆ ಅನಿಲದ ದೊಡ್ಡ ಪಾಲು ಹೊರದೇಶದ್ದು. ಬಿಸಿಲಿನಿಂದಲೇ ಹೈಡ್ರೋಜನ್ ಬಂದರೆ ಗೊಬ್ಬರ ಹಡಗು ಕಾಯಬೇಕಿಲ್ಲ.

ಗದಗ ಗಾಳಿ
ಯೂರಿಯಾಗೆ ಕಾರ್ಬನ್ ಡೈಆಕ್ಸೈಡ್ ಕೂಡ ಬೇಕಲ್ಲ? ಈಗ ಅದು ಅದೇ ಅನಿಲದಿಂದ ಸಿಗುತ್ತದೆ. ಬಿಸಿಲಿನ ಹೈಡ್ರೋಜನ್ ಆದರೆ ಅದನ್ನು ಎಲ್ಲಿಂದ ತರುತ್ತೀರಿ?

ಸಾಧನಕೇರಿ ರಸಾಯನ
ಸರಿಯಾದ ಮಾತು. ಬೇರೆ ಕಾರ್ಖಾನೆಯಿಂದ ಹಿಡಿದು ತರಬೇಕಾಗುತ್ತದೆ. ಡಿಎಪಿ ಗೊಬ್ಬರಕ್ಕೆ ಆ ತೊಂದರೆ ಇಲ್ಲ, ಅದಕ್ಕೆ ಅಮೋನಿಯಾ ಮತ್ತು ಫಾಸ್ಫಾರಿಕ್ ಆಮ್ಲ ಸಾಕು. ಹಾಗಾಗಿ ಮೊದಲು ಅಲ್ಲಿಗೆ ಬರಬಹುದು. ಆ ಹೈಡ್ರೋಜನ್ ನಿಮ್ಮ ಗಾಳಿಯಂತ್ರದ ಕರೆಂಟಿನಿಂದ ಬಂದರೂ ನನಗೆ ಸಂತೋಷವೇ. ಪುಡಿಯ ಕೆಲಸ ನಿಲ್ಲಿಸಬೇಡಿ ಅನ್ನುವುದಷ್ಟೇ ನನ್ನ ಮಾತು.

ಗದಗ ಗಾಳಿ
ನಿಲ್ಲಿಸಿ ಅಂತ ನಾನೂ ಹೇಳುವುದಿಲ್ಲ. 400 ಕೋಟಿ ಕಡಿಮೆ ಆಯಿತು, ಒಪ್ಪಿದೆ.

ಬ್ಯಾಡಗಿ ರೈತ
ಸಂಜೆ ಊರಿನವರಿಗೆ ಓದಿ ಹೇಳಿದೆ. ಏಜೆಂಟಿಗೆ ಫೋನ್ ಮಾಡಿ ಆ ಮೂರು ಪ್ರಶ್ನೆ ಕೇಳಿದೆವು. ಗ್ರಾಂ ಲೆಕ್ಕ ಗೊತ್ತಿಲ್ಲ ಅಂದ, ಪೆಸೊ ಅಂದ ತಕ್ಷಣ ಫೋನ್ ಇಟ್ಟ. ಅಡ್ವಾನ್ಸ್ ಯಾರೂ ಕೊಡುತ್ತಿಲ್ಲ. ಪಕ್ಕದ ಊರಿಗೂ ಇವನೇ ಹೋಗಿದ್ದಾನಂತೆ, ಅಲ್ಲಿಯವರಿಗೂ ಇದನ್ನು ಕಳಿಸುತ್ತಿದ್ದೇನೆ.